ಮೀಸೆ ತೆಗೆಸಿದವರು

ತಟ್ಟೆಯ ಅಂಚಿನಲ್ಲಿದ್ದ ಒಂದು ಅಡಿಕೆ ಉರುಳಿ ಜಮಖಾನದ ಮೇಲೆ ಬಿತ್ತು. ಉರುಳುತ್ತಾ ಹೋಗಿ ಚಿಕ್ಕತಾತನ ಮೊಣಕಾಲಿಗೆ ತಾಗಿ ನಿಂತಿತು. ಸುತ್ತ ಕುಳಿತಿದ್ದವರೆಲ್ಲ ಅದನ್ನು ನೋಡಿದರು. ಯಾರೂ ಎತ್ತಲಿಲ್ಲ.

ಅದು ನನ್ನ ವೀಳ್ಯಶಾಸ್ತ್ರದ ದಿನ. ಹುಣಸೂರಿನ ನಮ್ಮ ಮನೆಯ ಪಡಸಾಲೆಯಲ್ಲಿ ಗಂಡಿನ ಕಡೆಯವರು ಒಂದು ಸಾಲಾಗಿ, ನಮ್ಮವರು ಅವರ ಎದುರಿಗೆ ಕುಳಿತಿದ್ದರು. ನಡುವೆ ಎರಡು ತಟ್ಟೆ. ಎರಡು ಕಡೆಯವರೂ ತಟ್ಟೆ ಬದಲಾಯಿಸಿಕೊಂಡರೆ ಮದುವೆ ನಿಶ್ಚಯವಾದ ಹಾಗೆ. ಅಪ್ಪ ನಮ್ಮ ಕಡೆಯ ತಟ್ಟೆಯನ್ನು ಎತ್ತಿದ್ದರು. ಅಷ್ಟರಲ್ಲಿ ಚಿಕ್ಕತಾತ ಕೈ ಚಾಚಿ ಅವರ ಮಣಿಕಟ್ಟು ಹಿಡಿದರು. ಅಡಿಕೆ ಉರುಳಿದ್ದು ಆಗ. ನಾನು ನಡುಮನೆಯ ಬಾಗಿಲ ಮರೆಯಲ್ಲಿ ನಿಂತು ನೋಡುತ್ತಿದ್ದೆ.

ಚಿಕ್ಕತಾತ ನನ್ನ ತಾತನಿಗೆ ಚಿಕ್ಕಪ್ಪನ ಮಗ. ಪಿರಿಯಾಪಟ್ಟಣದ ಹತ್ತಿರ ಹೊಗೆಸೊಪ್ಪು ಬೆಳೆಯುತ್ತಿದ್ದರು. ತಾತ ತೀರಿಕೊಂಡ ಮೇಲೆ ನಮ್ಮ ಮನೆತನಕ್ಕೆ ಅವರೇ ಹಿರಿಯರು. ಅಪ್ಪ ಮಿಡ್ಲ್‌ಸ್ಕೂಲಿನ ಮೇಷ್ಟ್ರಾಗಿದ್ದರೂ, ಊರಿನವರು ಎದ್ದು ನಿಂತು ನಮಸ್ಕಾರ ಮಾಡುತ್ತಿದ್ದರೂ, ಚಿಕ್ಕತಾತ ಒಪ್ಪದೆ ನಮ್ಮ ಮನೆಯಲ್ಲಿ ತಟ್ಟೆ ಏಳುವಂತಿರಲಿಲ್ಲ.

ಅದಕ್ಕೂ ಸ್ವಲ್ಪ ಮುಂಚೆ ಎಲ್ಲರೂ ನಗುನಗುತ್ತ ಮಾತಾಡುತ್ತಿದ್ದರು. ನಮ್ಮ ಕಡೆ ಎರಡು ಮನೆಯವರು ಕೂತರೆ ಮೊದಲು ಹುಡುಕುವುದು ಇಬ್ಬರಿಗೂ ಗೊತ್ತಿರುವ ನೆಂಟನೊಬ್ಬನನ್ನು. ಯಾವ ಊರು, ಯಾರ ಮನೆ, ಆ ಮನೆಯ ಹಿರಿಸೊಸೆ ಯಾವ ಊರಿನವಳು ಎಂದು ಕೇಳುತ್ತಾ ಕೇಳುತ್ತಾ ಒಬ್ಬ ಸಿಕ್ಕಿಯೇ ಸಿಗುತ್ತಾನೆ. ಅವತ್ತು ಸಿಕ್ಕವನು ಗಂಡಿನ ತಾತ. ಗಂಡಿನ ತಂದೆ, ಕೃಷ್ಣರಾಜನಗರದ ಹತ್ತಿರದ ರೈತರು, ಬಹಳ ಸಂತೋಷದಿಂದ ಆ ಮಾತು ತೆಗೆದರು. ಅವರ ತಂದೆ ಆ ಕಾಲದಲ್ಲಿ ಕೋಟೆ ಸೀಮೆಯ ಕಾಡಿನಿಂದ ಬಿದಿರು ಸಾಗಿಸಲು ಗಾಡಿ ಹೊಡೆಯುತ್ತಿದ್ದರಂತೆ. ಪ್ಲೇಗು ಬಂದ ವರ್ಷ ದಾರಿ ಕಟ್ಟಿಹೋಗಿ, ಹಂಪಾಪುರದ ಪಕ್ಕದ ನಮ್ಮ ಮೂಲ ಊರಿನಲ್ಲೇ ಉಳಿಯಬೇಕಾಯಿತಂತೆ.

ಚಿಕ್ಕತಾತ ತಲೆ ಎತ್ತಿದರು. ಆ ಗಾಡಿಯವರ ಎಡಗಿವಿ ಹರಿದಿತ್ತಾ ಎಂದು ಕೇಳಿದರು. ಹೌದು, ಎತ್ತು ತಿವಿದು ಹರಿದದ್ದು ಎಂದು ಗಂಡಿನ ತಂದೆ ನಕ್ಕರು. ಅಪ್ಪ ತಟ್ಟೆ ಎತ್ತುವವರೆಗೂ ಚಿಕ್ಕತಾತ ನೆಲ ನೋಡುತ್ತಿದ್ದರು. ಎತ್ತಿದ ಮೇಲೆ ಕೈ ಹಿಡಿದರು.

"ತಟ್ಟೆ ಇಳ್ಸು ಮಗ," ಅಂದರು. "ಆ ಮನುಷ್ಯ ನಮ್ಮ ದೊಡ್ಡಪ್ಪಂಗೆ ಮೀಸೆ ತೆಗೆಸವ್ರೆ. ಚಿಕ್ಕುಡುಗ ನಾನು, ಕಣ್ಣಾರೆ ಕಂಡಿವ್ನಿ."

ಚಿಕ್ಕತಾತ ದೊಡ್ಡಪ್ಪ ಎಂದದ್ದು ನನ್ನ ಮುತ್ತಾತನನ್ನು. ಮೀಸೆ ತೆಗೆಸುವುದೆಂದರೆ ಏನೆಂದು ಅಲ್ಲಿದ್ದ ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಮನೆಯ ಹಿರಿಯ ಸತ್ತರೆ ತಿಥಿಯ ದಿನ ಅವನ ಗಂಡುಮಕ್ಕಳು, ತಮ್ಮಂದಿರು, ತಮ್ಮಂದಿರ ಮಕ್ಕಳು ಹೊಳೆಯ ಹತ್ತಿರ ಹೋಗಿ ತಲೆಯನ್ನೂ ಮೀಸೆಯನ್ನೂ ಬೋಳಿಸಿಕೊಳ್ಳುತ್ತಾರೆ. ಅಳಿಯ ಬೋಳಿಸುವುದಿಲ್ಲ, ಭಾವಮೈದುನ ಬೋಳಿಸುವುದಿಲ್ಲ, ಅವರು ನೆಂಟರು. ಬೋಳಿಸಿದವನು ಅಣ್ಣತಮ್ಮಂದಿರ ಪೈಕಿ. ಹೆಣ್ಣು ಕೊಡುವುದು ತರುವುದು ನೆಂಟರಲ್ಲಿ ಮಾತ್ರ. ಅಣ್ಣತಮ್ಮಂದಿರ ಮಕ್ಕಳು ಎಷ್ಟೇ ತಲೆಮಾರು ಕಳೆದರೂ ಒಡಹುಟ್ಟಿದವರೇ. ಚಿಕ್ಕತಾತ ಹೇಳಿದ್ದು ನಿಜವಾದರೆ, ನನ್ನನ್ನು ಮದುವೆಯಾಗಬೇಕಾದವರು ನನಗೆ ಅಣ್ಣನಾಗುತ್ತಿದ್ದರು.

ಗಂಡಿನ ತಂದೆ ತಮ್ಮಷ್ಟಕ್ಕೆ ತಾವೇ ಎಂಬಂತೆ, ತಮ್ಮಪ್ಪ ಮೀಸೆ ಬಿಟ್ಟದ್ದನ್ನು ತಾವು ಕಂಡೇ ಇಲ್ಲ, ಯಾಕೆ ಎಂದು ಕೇಳಿದರೆ ಹೇಳುತ್ತಿರಲಿಲ್ಲ ಎಂದರು. ಆ ಮಾತು ಚಿಕ್ಕತಾತನ ಮಾತನ್ನು ಇನ್ನಷ್ಟು ಗಟ್ಟಿ ಮಾಡಿತು. ಗಂಡಿನ ತಂದೆ ತಮ್ಮವರೊಡನೆ ಊಟ ಮಾಡದೆ ಎದ್ದರು. ಹೊರಡುವಾಗ ಅಪ್ಪನ ಕೈ ಹಿಡಿದು, ಬರುವ ಸೋಮವಾರ ತಾವೊಬ್ಬರೇ ಬರುವುದಾಗಿಯೂ ಅಷ್ಟರಲ್ಲಿ ವಿಚಾರಿಸಿಡಬೇಕೆಂದೂ ಕೇಳಿಕೊಂಡರು. ಮಾಘ ದಾಟಿಸುವ ಹಾಗಿಲ್ಲ, ಇನ್ನೊಂದು ಕಡೆಯವರೂ ಕೇಳುತ್ತಿದ್ದಾರೆ ಎಂಬುದನ್ನೂ ಮುಚ್ಚಿಡಲಿಲ್ಲ. ಒಳ್ಳೆಯ ಮನುಷ್ಯರು.

ಅವರ ಮಗ ನಾಲೆಯ ಓವರ್ಸೀಯರ್. ನಾನು ಅವರನ್ನು ನೋಡಿದ್ದು ಒಂದೇ ಸಲ, ತಾಯಿಯ ಜೊತೆ ನಮ್ಮ ಮನೆಗೆ ಬಂದಾಗ. ಬಾಗಿಲು ತೆರೆದಿಟ್ಟು ನಮ್ಮನ್ನು ಸ್ವಲ್ಪ ಹೊತ್ತು ಮಾತಾಡಲು ಬಿಟ್ಟಿದ್ದರು. ಬಿ.ಎ. ಮುಗಿಸಿದ ಮೇಲೆ ಏನು ಮಾಡಬೇಕೆಂದಿದ್ದೀರಿ ಎಂದು ಅವರು ಕೇಳಿದರು. ಎಂ.ಎ. ಓದುವ ಆಸೆ ಇದೆ ಎಂದೆ. ಇದನ್ನು ಕೇಳಿ ಹಿಂದೆ ಇಬ್ಬರು ಗಂಡುಗಳು ಹಿಂದಿರುಗಿ ಹೋಗಿದ್ದರು. ಇವರು ಸ್ವಲ್ಪ ಯೋಚಿಸಿ, "ನಮ್ಮೂರಿಂದ ಮೈಸೂರಿಗೆ ಬೆಳಿಗ್ಗೆ ರೈಲಿದೆ," ಅಂದರು. ಅಷ್ಟೇ. ಹೊಗಳಲಿಲ್ಲ, ಭರವಸೆ ಕೊಡಲಿಲ್ಲ. ರೈಲಿದೆ ಎಂದರು. ಆ ಮದುವೆ ನನಗೆ ಬೇಕಾಗಿತ್ತು. ಯಾರಿಗೂ ಹೇಳಿರಲಿಲ್ಲ, ಹೇಳುವ ಪದ್ಧತಿ ನಮ್ಮಲ್ಲಿ ಇರಲಿಲ್ಲ, ನನಗೂ ಇರಲಿಲ್ಲ.

ಎರಡು ಮನೆಗೂ ಮನೆದೇವರು ಒಂದೇ ಎನ್ನುವುದು ಮೊದಲೇ ಗೊತ್ತಿತ್ತು. ಆದರೆ ಆ ದೇವರಿಗೆ ನಡೆದುಕೊಳ್ಳುವ ಮನೆತನಗಳು, ಅಂದರೆ ಒಕ್ಕಲು, ಬಹಳ. ಕೆಲವು ತಮ್ಮೊಳಗೆ ಅಣ್ಣತಮ್ಮಂದಿರು, ಕೆಲವು ನೆಂಟರು. ನಮ್ಮ ಒಕ್ಕಲೇ ಬೇರೆ, ಅವರದೇ ಬೇರೆ ಎಂದು ಅಪ್ಪ ಕೇಳಿ ತಿಳಿದಿದ್ದರು. ಈಗ ಚಿಕ್ಕತಾತ, ಎರಡೂ ಒಂದೇ ಬುಡದವು, ಹಿಂದೆ ಯಾವಾಗಲೋ ಒಡೆದು ಎಡತೊರೆ, ಅಂದರೆ ಈಗಿನ ಕೃಷ್ಣರಾಜನಗರದ, ಕಡೆಗೆ ಹೋದ ಕವಲು ಅದು, ನಮ್ಮಪ್ಪನೇ ನನಗೆ ಹೇಳಿದ್ದರು ಎಂದು ಸಾಧಿಸಿದರು. ಅವರ ಅಪ್ಪ, ಅಂದರೆ ನನ್ನ ಮುತ್ತಾತನ ಸ್ವಂತ ತಮ್ಮ, ಸತ್ತು ಎಷ್ಟೋ ಕಾಲವಾಗಿತ್ತು. ತಾತನೂ ಇರಲಿಲ್ಲ. ಪ್ಲೇಗಿನ ವರ್ಷ ಅಪ್ಪ ತೊಟ್ಟಿಲಲ್ಲಿದ್ದ ಕೂಸು.

ಅಪ್ಪ ಹಂಪಾಪುರಕ್ಕೆ ಹೊರಟರು. ಅಲ್ಲಿ ಶಾನುಭೋಗರ ಮನೆಯಲ್ಲಿ ನಮ್ಮ ಮೂಲ ಊರಿನ ಹಳೆಯ ಕಾಗದಗಳಿದ್ದವು, ತಾತನ ತಂಗಿಯೂ ಇದ್ದರು. ಅಪ್ಪನಿಗೆ ಸಣ್ಣ ಅಕ್ಷರ ಕಾಣುತ್ತಿರಲಿಲ್ಲ. ಓದಿ ಹೇಳಲು ನಾನು ಬರುತ್ತೇನೆ ಎಂದೆ. ತನ್ನ ಮದುವೆಯ ವಿಚಾರಕ್ಕೆ ತಾನೇ ಊರೂರು ತಿರುಗುವುದೇ ಎಂದು ಅಮ್ಮ ಗೊಣಗಿದರು. ಅಪ್ಪ ನನ್ನ ಮುಖ ನೋಡಿ, ಚಪ್ಪಲಿ ಹಾಕಿಕೋ ಎಂದರು.

ಯುದ್ಧದ ಕಾಲ, ಬಸ್ಸು ಇದ್ದಿಲಿನಿಂದ ಓಡುತ್ತಿತ್ತು. ಏರಿನಲ್ಲಿ ನಿಂತರೆ ಗಂಡಸರು ಇಳಿದು ತಳ್ಳಬೇಕು. ಕೋಟೆ ಊರಿನವರೆಗೆ ಹಾಗೆ ಹೋಗಿ, ಅಲ್ಲಿಂದ ಗಾಡಿ ಮಾಡಿಕೊಂಡೆವು.

ಶಾನುಭೋಗರು ಬಟ್ಟೆಯಲ್ಲಿ ಕಟ್ಟಿದ್ದ ಕಡತವನ್ನು ಬಿಚ್ಚಿ ನನ್ನ ಮುಂದೆ ಇಟ್ಟರು. ಹೆಣ್ಣುಮಗಳು ಕಡತ ಓದುವುದನ್ನು ನೋಡಲು ಅವರ ಮನೆಯ ಹೆಂಗಸರೆಲ್ಲ ಬಾಗಿಲಿಗೆ ಬಂದರು. ಮುತ್ತಾತನ ಹೊಲ ಸಿಕ್ಕಿತು. ಅದರ ಕೆಳಗಿನ ಸಾಲಿನಲ್ಲಿ ಪಕ್ಕದ ಹೊಲ. ಸಾಗುವಳಿ ಮಾಡುವವನ ಹೆಸರು ಗಂಡಿನ ತಾತನದೇ. ತಂದೆಯ ಹೆಸರು ಎಂಬ ಜಾಗದಲ್ಲಿ ನನ್ನ ಮುತ್ತಾತನ ಹೆಸರು.

ನಾನು ಬೆರಳಿಟ್ಟು ಇನ್ನೊಮ್ಮೆ ಓದಿಕೊಂಡೆ. ಏನಿದೆ ಎಂದು ಅಪ್ಪ ಕೇಳಿದರು. ಗಟ್ಟಿಯಾಗಿ ಓದಲೇಬೇಕಾಯಿತು. ಓದಿದೆ. ದನಿ ಬದಲಾಗದಂತೆ ನೋಡಿಕೊಂಡೆ. ಅಪ್ಪ ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡರು.

ಶಾನುಭೋಗರು ನಕ್ಕರು. "ಗಾಬರಿ ಬೇಡಿ ಮೇಷ್ಟ್ರೇ. ನಿಮ್ಮ ಜನ ಮನೆದೇವರ ಹೆಸರು ಬಿಟ್ಟು ಬೇರೆ ಇಡೋದಿಲ್ಲ. ಸಂತೇಲಿ ನಿಂತು ಈ ಹೆಸರು ಕೂಗಿ ನೋಡಿ, ಅರ್ಧ ಸಂತೆ ತಿರುಗಿ ನೋಡುತ್ತೆ."

ಹಾಗಾದರೆ ಈ ಮನುಷ್ಯ ಯಾರು ಎಂದು ಅಪ್ಪ ಕೇಳಿದರು. ಅದು ತಮ್ಮ ತಂದೆಯ ಬರವಣಿಗೆ, ಯಾರೆಂದು ತಮಗೆ ತಿಳಿಯದು, ನೀವು ಹೇಳುವ ಗಾಡಿಯವನೂ ಇರಬಹುದು, ಬೇರೆಯವನೂ ಇರಬಹುದು ಎಂದು ಶಾನುಭೋಗರು ಕಡತ ಕಟ್ಟಿದರು. ಬಂದಾಗ ಒಬ್ಬ ಮುದುಕನ ನೆನಪು ಮಾತ್ರ ನಮಗೆ ಅಡ್ಡಿಯಾಗಿತ್ತು. ಈಗ ಸರ್ಕಾರದ ಕಾಗದವೂ ಅವರ ಪರವಾಗಿ ನಿಂತಂತಿತ್ತು.

ತಾತನ ತಂಗಿಯನ್ನು ನಾವು ಹಂಪಾಪುರದ ಅಜ್ಜಿ ಎನ್ನುತ್ತಿದ್ದೆವು. ಗಂಡ ತೀರಿಹೋಗಿದ್ದ ಅವರು ಮಗ ಸೊಸೆಯ ಜೊತೆ ಇದ್ದರು. ನಾವು ಹೋದಾಗ ಜಗಲಿಯ ಮೇಲೆ ನೆನೆಹಾಕಿದ ಅವರೆಕಾಳಿನ ಬೋಗುಣಿ ಮುಂದಿಟ್ಟುಕೊಂಡು ಒಂದೊಂದೇ ಕಾಳನ್ನು ಹಿದುಕಿ ಬೇಳೆ ಬಿಡಿಸುತ್ತಿದ್ದರು. ಬರಿಗೈಯಲ್ಲಿ ಕೂತು ಮಾತಾಡುವವರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. ಅಪ್ಪನ ಮುಂದೆಯೂ ಒಂದು ಹಿಡಿ ಕಾಳು ಸುರಿದರು.

"ನಿಂಗೆ ಬತ್ತದಾ ಇದುಕಾಕೆ?" ಎಂದು ನನ್ನನ್ನು ಕೇಳಿದರು. "ಇಲ್ಲಾ ಬಿ.ಎ.ನಾಗೆ ಅದ್ನ ಕಲಿಸಾಕಿಲ್ವಾ?"

ನಾನು ಹಿದುಕತೊಡಗಿದೆ. ಅಪ್ಪ ನಡೆದದ್ದನ್ನೆಲ್ಲ ಹೇಳಿದರು. ಎಡತೊರೆಯ ಗಾಡಿಯವರು ಎಂದಾಗ ಅಜ್ಜಿ ಕಾಳು ಹಿದುಕುತ್ತಲೇ ಇದ್ದರು. ಹರಿದ ಕಿವಿ ಎಂದಾಗಲೂ ಕೈ ನಿಲ್ಲಲಿಲ್ಲ. ಆ ಗಾಡಿಯವರು ತೀರಿಕೊಂಡು ಕೆಲವು ವರ್ಷವಾಯಿತಂತೆ ಎಂದು ಅಪ್ಪ ಮಾತಿನ ನಡುವೆ ಹೇಳಿದಾಗ ಅಜ್ಜಿಯ ಬೆರಳಲ್ಲಿದ್ದ ಕಾಳು ಸಿಪ್ಪೆಯ ಸಮೇತ ನುಣ್ಣಗೆ ಜಜ್ಜಿಹೋಯಿತು. ಅದನ್ನು ಸೀರೆಯ ಅಂಚಿಗೆ ಒರೆಸಿಕೊಂಡರು.

ಒಲೆಯ ಹತ್ತಿರವಿದ್ದ ಸೊಸೆಗೆ ಅರ್ಧ ಮಾತು ಮಾತ್ರ ಕೇಳಿಸಿತ್ತು. ತವರಿನ ಕಡೆಯ ಅಣ್ಣತಮ್ಮಂದಿರು ಸತ್ತ ಸುದ್ದಿ ಎಷ್ಟು ತಡವಾಗಿ ಕೇಳಿದರೂ ಹೆಣ್ಣುಮಕ್ಕಳು ತಲೆಗೆ ಸ್ನಾನ ಮಾಡಬೇಕು. ನೀರು ಕಾಯಿಸಲೇ ಎಂದು ಅವಳು ಅಲ್ಲಿಂದಲೇ ಕೇಳಿದಳು.

"ಯಾವ ಸಂಬಂಧ ಅಂತ ಉಯ್ಕಳ್ಳಿ?" ಅಂದರು ಅಜ್ಜಿ. "ಒಲೆ ನೋಡು."

ಆಮೇಲೆ, ಕಾಳು ಹಿದುಕುತ್ತಲೇ, ಅವರು ಪ್ಲೇಗಿನ ವರ್ಷವನ್ನು ಹೇಳಿದರು. ಊರಿಗೆ ಊರೇ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡಿತ್ತು. ಮುತ್ತಾತನ ಗುಡಿಸಲು ಒಂದು ಹೊಲದಲ್ಲಿ, ಅವರ ತಮ್ಮನ ಗುಡಿಸಲು ಕೂಗಿದರೆ ಕೇಳಿಸುವಷ್ಟು ದೂರದಲ್ಲಿ. ಬಿದಿರಿಗೆ ಬಂದಿದ್ದ ಎಡತೊರೆಯ ಗಾಡಿಯವರು ಹಿಂದಿರುಗಲಾರದೆ ನಮ್ಮ ಹೊಲದ ಬದುವಿನಲ್ಲಿ ಗಾಡಿ ನಿಲ್ಲಿಸಿಕೊಂಡಿದ್ದರು. ಮುತ್ತಾತನಿಗೆ ಗಡ್ಡೆ ಎದ್ದಿತು, ಸತ್ತರು. ತಾತ ಬದುವಿನ ಮೇಲೆ ನಿಂತು ಕೂಗಿದರು. ಆ ತಮ್ಮನ ಗುಡಿಸಲಿನಿಂದ ಯಾರೂ ಬರಲಿಲ್ಲ. ತಾತ, ಗಾಡಿಯವರು, ಇಬ್ಬರೇ ಸೇರಿ ಚಟ್ಟ ಹೊರುವುದು ಹೇಗೆ? ಗಾಡಿಯವರು ತಮ್ಮ ಎತ್ತು ಕಟ್ಟಿ, ತಮ್ಮ ಗಾಡಿಯಲ್ಲಿಯೇ ಹೆಣ ಸಾಗಿಸಿದರು. ತಿಥಿಯ ದಿನ ಕ್ಷೌರಿಕನೂ ಸಿಗಲಿಲ್ಲ. ತಾತ ಹೊಳೆಯ ಹತ್ತಿರ ಕೂತು ತಾವೇ ಬೋಳಿಸಿಕೊಳ್ಳಲು ಹೊರಟಾಗ, ಗಾಡಿಯವರು ಕತ್ತಿ ಕಿತ್ತುಕೊಂಡು ತಾತನಿಗೆ ಬೋಳಿಸಿ, ಆಮೇಲೆ ತಮ್ಮ ತಲೆ ಕೊಟ್ಟರು.

"ನಮ್ಮಣ್ಣ ಬ್ಯಾಡ ಅಂದ," ಅಂದರು ಅಜ್ಜಿ. "ನೀನು ಒಬ್ನೇ ಬೋಳು ತಲೇಲಿ ಕೂತ್ರೆ ಸತ್ತೋರಿಗೆ ಯಾರೂ ಇರ್ನಿಲ್ಲ ಅನ್ನಂಗೆ ಕಾಣ್ತದೆ, ತೆಗಿ ಅಂದ್ರಂತೆ ಅವ್ರು."

ಹಾಗಾದರೆ ಕಡತದಲ್ಲಿರುವ ಹೆಸರು ಯಾರದು ಎಂದು ಅಪ್ಪ ಕೇಳಿದರು. ಅದು ಊರಿನ ಬೇರೊಬ್ಬ ಕುಳ್ಳನೆಯ ಮನುಷ್ಯ, ಅವನಿಗೂ ನಮಗೂ ಗಾಡಿಯವರಿಗೂ ಏನೂ ಸಂಬಂಧವಿಲ್ಲ ಎಂದು ಅಜ್ಜಿ ಕೈ ಬೀಸಿದರು.

ಅಪ್ಪನ ಮುಖ ತಿಳಿಯಾಯಿತು. ಹಾಗಾದರೆ ಅವರು ನಮ್ಮ ಅಣ್ಣತಮ್ಮಂದಿರೇ ಅಲ್ಲ, ಮದುವೆಗೆ ಅಡ್ಡಿಯೇ ಇಲ್ಲ ಎಂದರು. ಆ ಮಾತನ್ನು ಅಜ್ಜಿ ಸೋಮವಾರ ಬಂದು ಹೇಳಿಬಿಟ್ಟರೆ ಸಾಕು.

ಅಜ್ಜಿ ಬೋಗುಣಿಯನ್ನು ಪಕ್ಕಕ್ಕೆ ಸರಿಸಿದರು. ಅಲ್ಲಿಯವರೆಗೆ ಒಮ್ಮೆಯೂ ನಿಲ್ಲದ ಕೈ ಮಡಿಲಿಗೆ ಬಂತು.

"ಅಲ್ಲ ಅಂದ್ರೆ ನನ್ನ ಯಾಕ್ಲಾ ಇಲ್ಲಿಗೆ ಕೊಟ್ರು?"

ಅಪ್ಪನಿಗೆ ಅರ್ಥವಾಗಲಿಲ್ಲ. ನನಗೂ ಕೂಡಲೇ ಆಗಲಿಲ್ಲ. ಅಜ್ಜಿ ಬೀದಿಯ ಕಡೆ ನೋಡುತ್ತ ಹೇಳಿದರು. ಪ್ಲೇಗಿಗೆ ಮುಂಚೆ, ಗಾಡಿಯವರು ವರ್ಷ ವರ್ಷವೂ ಬಂದು ಹೋಗುತ್ತಿದ್ದಾಗ, ಮುತ್ತಾತ ಅವರ ಒಕ್ಕಲು ಕೇಳಿ, ಎಡತೊರೆಗೆ ಹೋಗಿ ಮನೆ ನೋಡಿ, ಮಗಳನ್ನು ಕೊಡುವುದಾಗಿ ಮಾತು ಕೊಟ್ಟಿದ್ದರು. ಮಗಳೆಂದರೆ ಅಜ್ಜಿ. ಮುತ್ತಾತ ಸತ್ತ ಮೇಲೆ ಮನೆಗೆ ಹಿರಿಯರಾದವರು ಅವರ ತಮ್ಮ, ಹೆಣ ಎತ್ತಲು ಬಾರದಿದ್ದವರು. ಪ್ಲೇಗು ಇಳಿದು ಊರಿಗೆ ಹಿಂದಿರುಗಿದ ಮೇಲೆ ಅವರೇ ನಾಲ್ಕು ಜನರನ್ನು ಕೂರಿಸಿಕೊಂಡು, ಗಾಡಿಯವನು ನಮ್ಮ ಅಣ್ಣತಮ್ಮಂದಿರ ಪೈಕಿ, ಮೀಸೆ ತೆಗೆಸಿದ್ದಾನೆ, ಇನ್ನು ಅವನಿಗೆ ಹೆಣ್ಣು ಕೊಡುವುದು ತಪ್ಪು ಎಂದು ತೀರ್ಮಾನ ಹೇಳಿದರು. ಅಣ್ಣತಮ್ಮಂದಿರೇ ಹೆಣ ಎತ್ತಿದರು, ಅಣ್ಣತಮ್ಮಂದಿರೇ ಬೋಳಿಸಿದರು ಎಂದಾದರೆ ಬಾರದಿದ್ದವರ ಮಾತು ಏಳುವುದಿಲ್ಲವಲ್ಲ. ತಾತ ಆಗ ಚಿಕ್ಕವರು, ಎದುರಾಡಲಿಲ್ಲ. ಗಾಡಿಯವರು ಎತ್ತು ಕಟ್ಟಿಕೊಂಡು ಹೋದರು. ಅದೇ ವರ್ಷ ಅಜ್ಜಿಯನ್ನು ಹಂಪಾಪುರಕ್ಕೆ ಕೊಟ್ಟರು.

ತನ್ನ ಅಪ್ಪ ಹೇಳಿದ್ದನ್ನೇ ಚಿಕ್ಕತಾತ ಇಷ್ಟು ಕಾಲ ನಂಬಿಕೊಂಡಿದ್ದರು. ಅವರು ಸುಳ್ಳು ಹೇಳಿರಲಿಲ್ಲ.

"ಅವತ್ತು ಅಣ್ತಮ್ಮ ಆದೋರು ಇವತ್ತು ಯಾರೋ ಆಗೋದಾ?" ಅಂದರು ಅಜ್ಜಿ. ದನಿ ಏರಿರಲಿಲ್ಲ. "ನನಗಾದ್ರೆ ಒಂದು, ಇವಳಿಗಾದ್ರೆ ಒಂದಾ, ಮೇಷ್ಟ್ರೇ?"

ಅವರು ಅಪ್ಪನನ್ನು ಮೇಷ್ಟ್ರೇ ಎಂದದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಅಪ್ಪ ತಲೆ ತಗ್ಗಿಸಿ ಕಾಳಿನ ಸಿಪ್ಪೆಗಳನ್ನು ಒಂದು ಕಡೆ ಗುಡ್ಡೆ ಮಾಡುತ್ತ ಕುಳಿತರು. ಅಜ್ಜಿ ಬಾರದಿದ್ದರೆ ಎಲ್ಲವೂ ಇಲ್ಲಿಗೇ ನಿಲ್ಲುತ್ತದೆ ಎಂದು ನನಗೆ ಗೊತ್ತಿತ್ತು. ಬನ್ನಿ ಎಂದು ಕೇಳುವ ಮುಖವೂ ನಮಗಿರಲಿಲ್ಲ.

ಆಗ ಅಜ್ಜಿ ನನ್ನ ಕಡೆ ತಿರುಗಿದರು. "ನಿಂಗೆ ಬೇಕಾ ಅವ್ನು?"

ಅಪ್ಪ ಪಕ್ಕದಲ್ಲೇ ಇದ್ದರು. ಅಂಥ ಪ್ರಶ್ನೆಗೆ ಹೆಣ್ಣುಮಕ್ಕಳು ಎದ್ದು ಒಳಗೆ ಹೋಗಬೇಕು, ಇಲ್ಲವೇ ನೆಲ ನೋಡಬೇಕು. ಅಜ್ಜಿ ನನ್ನ ಮುಖದಿಂದ ಕಣ್ಣು ತೆಗೆಯಲಿಲ್ಲ. ನನ್ನ ಬೆರಳುಗಳಿಗೆ ಅವರೆಯ ಸೊಗಡು ಅಂಟಿತ್ತು.

"ಬೇಕು," ಅಂದೆ.

ಅಜ್ಜಿ ಬೋಗುಣಿಯನ್ನು ಮತ್ತೆ ಹತ್ತಿರಕ್ಕೆ ಎಳೆದುಕೊಂಡರು. "ಕೇಳಿದ್ರೆ ನಾನೂ ಅಂಗೇ ಅಂತಿದ್ನೋ ಏನೋ," ಅಂದರು. ಆಮೇಲೆ ಆ ವಿಷಯ ಎತ್ತಲಿಲ್ಲ. ಊಟಕ್ಕೆ ಆ ಬೇಳೆಯ ಸಾರು, ರಾಗಿಮುದ್ದೆ. ನಾವು ಹೊರಟಾಗ ಬರುತ್ತೇನೆ ಎನ್ನಲಿಲ್ಲ, ಬರುವುದಿಲ್ಲ ಎನ್ನಲೂ ಇಲ್ಲ. ನೋಡನ ಬುಡು ಎಂದು ಗಾಡಿಯ ಮೂಕಿಮರವನ್ನು ಕೈಯಲ್ಲಿ ತಟ್ಟಿದರು.

ಸೋಮವಾರ ಗಂಡಿನ ತಂದೆ ಹೇಳಿದಂತೆ ಒಬ್ಬರೇ ಬಂದರು. ಚಿಕ್ಕತಾತ ಅದಕ್ಕೂ ಮೊದಲೇ ಬಂದು ಕುಳಿತಿದ್ದರು. ಅಮ್ಮ ತಟ್ಟೆಗಳನ್ನು ತುಂಬಿಸಿ ನಡುಮನೆಯಲ್ಲಿ ಇಟ್ಟಿದ್ದರು, ಪಡಸಾಲೆಗೆ ತಂದಿರಲಿಲ್ಲ. ಅಜ್ಜಿ ಬಂದಿರಲಿಲ್ಲ.

ಅಪ್ಪ ತಾವು ಕೇಳಿಬಂದದ್ದನ್ನು ಹೇಳಲು ನೋಡಿದರು. ಆದರೆ ಅವರ ಮಾತು ಅರ್ಧಕ್ಕೇ ನಿಲ್ಲುತ್ತಿತ್ತು. ಗಾಡಿಯವರು ಬೋಳಿಸಿಕೊಂಡದ್ದೇಕೆ ಎಂದು ಹೇಳಬೇಕಾದರೆ, ಬೋಳಿಸಿಕೊಳ್ಳಬೇಕಾದವರು ಎಲ್ಲಿದ್ದರು ಎಂದೂ ಹೇಳಬೇಕು. ಹಿರಿಯರ ಎದುರಿಗೆ, ಅದೂ ಬೀಗರಾಗುವವರ ಎದುರಿಗೆ, ನಿಮ್ಮಪ್ಪ ಅಣ್ಣನ ಹೆಣಕ್ಕೆ ಬರಲಿಲ್ಲ ಎನ್ನುವುದು ಅಪ್ಪನಿಂದ ಆಗುವ ಮಾತಲ್ಲ. ಹಂಪಾಪುರದ ಅತ್ತೆ ಹೇಳಿದರು, ಅವರು ನಮ್ಮವರಲ್ಲವಂತೆ ಎಂದಷ್ಟೇ ಹೇಳಿ ನಿಲ್ಲಿಸಿದರು.

"ಅಕ್ಕ ಅಂಗಂದ್ರೆ ಅಕ್ಕನೇ ಬಂದು ಏಳ್ಲಿ," ಅಂದರು ಚಿಕ್ಕತಾತ. "ನೀನು ಒತ್ಕಂಡು ಬಂದ ಮಾತು ನಂಗ್ಯಾಕೆ?"

ಬಿಸಿಲು ಜಗಲಿಯಿಂದ ಇಳಿದು ಅಂಗಳಕ್ಕೆ ಹೋಯಿತು. ಗಂಡಿನ ತಂದೆ ಒಮ್ಮೆ ಎದ್ದು ಹೊರಗೆ ಹೋಗಿ ನಿಂತು ಬಂದರು. ಇನ್ನೊಮ್ಮೆ ಎದ್ದು ಹೆಗಲ ಮೇಲೆ ವಲ್ಲಿ ಹಾಕಿಕೊಂಡರು. ಊಟಕ್ಕೆ ಏಳಿ ಎಂದು ಅಪ್ಪ ಕೇಳಿಕೊಂಡರು. ಅವರು ಬೇಡವೆಂದು ಕೈ ಮುಗಿದರು. ನಾನು ಬಾಗಿಲ ಮರೆಯಲ್ಲಿ ನಿಂತು, ಅವರು ಚಪ್ಪಲಿ ಮೆಟ್ಟುವುದನ್ನು ನೋಡಿದೆ.

ಗಾಡಿಯ ಸದ್ದು ಕೇಳಿಸಿದ್ದು ಆಗ. ಅಜ್ಜಿಯನ್ನು ಅವರ ಮಗ ಕೈ ಹಿಡಿದು ಇಳಿಸಿದರು. ಅವರು ಕಾಲು ತೊಳೆದು ಒಳಗೆ ಬಂದು, ಹೆಂಗಸರ ಕಡೆಗೆ ಬಾರದೆ ಪಡಸಾಲೆಯ ಕಂಬಕ್ಕೆ ಒರಗಿ ಕುಳಿತರು. ಗಂಡಿನ ತಂದೆಯನ್ನು ತುಸು ಹೊತ್ತು ನೋಡಿದರು. ಚಪ್ಪಲಿ ಮೆಟ್ಟಿದ್ದವರು ಬಿಟ್ಟು ಒಳಗೆ ಬಂದು ಕುಳಿತರು.

"ಕುಡಿಯಾಕೆ ನೀರು ಕೊಡು," ಎಂದು ಅಜ್ಜಿ ಅಮ್ಮನಿಗೆ ಹೇಳಿ, ನೀರು ಬರುವ ಮೊದಲೇ ಚಿಕ್ಕತಾತನ ಕಡೆ ತಿರುಗಿದರು. "ಏನ್ ತಮ್ಮ, ಎಡತೊರೆಯೋರು ಅಣ್ತಮ್ಮಂದಿರಾ?"

ಮೀಸೆ ತೆಗೆಸಿದ್ದನ್ನು ತಾವೇ ಕಂಡದ್ದಾಗಿ ಚಿಕ್ಕತಾತ ಮತ್ತೆ ಹೇಳಿದರು.

"ತೆಗೆಸಿದ್ರು. ನಾನೂ ಕಂಡಿವ್ನಿ. ಆದ್ರೆ ಅವ್ರನ್ನ ನಮ್ಮಪ್ಪ ಅಳಿಯ ಮಾಡ್ಕಬೇಕು ಅಂತಿದ್ದ ಕಣಪ್ಪ. ನಂಗೆ. ಮಾತಾಗಿತ್ತು." ಅಜ್ಜಿ ಗಂಡಿನ ತಂದೆಯ ಕಡೆ ನೋಡದೆ ಹೇಳಿದರು. "ನಿಮ್ಮ ದೊಡ್ಡಪ್ಪ ಒಕ್ಲು ಕೇಳ್ದೆ ಹೆಣ್ಣು ಕೊಡೋ ಅಂತೋನಾ?"

ಇಷ್ಟು ವರ್ಷದಲ್ಲಿ ಆ ಮಾತನ್ನು ಅವರು ಗಂಡಸರ ಮುಂದೆ ಆಡಿದ್ದು ಅದೇ ಮೊದಲು. ಜಗಲಿಯ ಮೇಲೆ ಕುಳಿತಿದ್ದ ಅವರ ಸ್ವಂತ ಮಗನೂ ತಲೆ ಎತ್ತಿ ನೋಡಿದರು. ಅಮ್ಮ ತಂದ ಚೊಂಬು ಪಕ್ಕದಲ್ಲೇ ಇದ್ದರೂ ಅಜ್ಜಿ ಮುಟ್ಟಲಿಲ್ಲ.

"ಮತ್ಯಾಕೆ ಕೊಡ್ನಿಲ್ಲ?" ಎಂದರು ಚಿಕ್ಕತಾತ.

"ನಿಮ್ಮಪ್ಪ ಬ್ಯಾಡ ಅಂದ್ರು. ಮೀಸೆ ತೆಗೆಸಿದ್ಮ್ಯಾಲೆ ಅಣ್ತಮ್ಮ ಆದ ಅಂದ್ರು." ಅಜ್ಜಿ ಸ್ವಲ್ಪ ತಡೆದರು. "ನಿಮ್ಮಪ್ಪ ಯಾಕೆ ಅಂಗಂದ್ರು ಅಂತ ಕೇಳು ತಮ್ಮ. ಅದ್ನೂ ಏಳ್ತೀನಿ."

ಚಿಕ್ಕತಾತ ಬಾಯಿ ತೆರೆದರು. ಕೇಳುತ್ತಾರೆ ಎಂದುಕೊಂಡೆ. ಅಪ್ಪನೂ ಹಾಗೆಯೇ ಎಂದುಕೊಂಡಿರಬೇಕು, ಕೈಯನ್ನು ಸ್ವಲ್ಪ ಮುಂದೆ ಚಾಚಿದರು. ಚಿಕ್ಕತಾತ ಅಜ್ಜಿಯನ್ನೇ ನೋಡುತ್ತಿದ್ದರು. ಹೊಳೆಯಿಂದ ಬೋಳುತಲೆಯ ಇಬ್ಬರು ಏರಿ ಬಂದದ್ದನ್ನು ಕಂಡಿದ್ದ ಆ ಹುಡುಗ, ಅವತ್ತು ತನ್ನ ಅಪ್ಪನ ಮುಖದ ಮೇಲೆ ಏನಿತ್ತು ಎಂಬುದನ್ನೂ ಕಂಡೇ ಇರಬೇಕು. ಅವರಿಗೆ ಅದು ಆಗ ನೆನಪಾಯಿತೋ, ಎಂದೂ ಮರೆತೇ ಇರಲಿಲ್ಲವೋ, ನಾನು ಹೇಳಲಾರೆ. ಅವರು ಕೇಳಲಿಲ್ಲ.

"ಅಕ್ಕ ಏಳಿದ್ಮ್ಯಾಲೆ ಮುಗೀತು ಬುಡು," ಅಂದರು ಕೊನೆಗೆ. "ತಟ್ಟೆ ತತ್ತಾ ಮಗ."

ತಟ್ಟೆಯನ್ನು ಅವರೇ ಎತ್ತಿಕೊಟ್ಟರು. ಗಂಡಿನ ತಂದೆ ಅದನ್ನು ತೆಗೆದುಕೊಂಡು, ತಮ್ಮದನ್ನು ಕೊಟ್ಟು, ಎದ್ದು ಬಂದು ಅಜ್ಜಿಯ ಕಾಲು ಮುಟ್ಟಿ ನಮಸ್ಕಾರ ಮಾಡಿದರು. ಅಜ್ಜಿ ಅವರ ತಲೆಯ ಮೇಲೆ ಕೈ ಇಡಲಿಲ್ಲ. ಎದ್ದೇಳಪ್ಪ, ಊಟ ಮಾಡು ಎಂದರು.

ಸಂಜೆ ಎಲ್ಲರೂ ಹೋದ ಮೇಲೆ ಅಜ್ಜಿ ಹಿತ್ತಲ ಮೆಟ್ಟಿಲ ಮೇಲೆ ಕೂತಿದ್ದರು. ನಾನು ಹೋಗಿ ಕೆಳಗಿನ ಮೆಟ್ಟಿಲಲ್ಲಿ ಕೂತೆ. ಗಂಡಿನ ತಂದೆ ತಮ್ಮಪ್ಪನ ಮಾತು ಏನಾದರೂ ಆಡಿದರಾ ಎಂದು ಅಜ್ಜಿ ಕೇಳಿದರು. ವೀಳ್ಯದ ದಿನ ಬಂದಿದ್ದ ಮಾತನ್ನು ಹೇಳಿದೆ: ಮೀಸೆ ಬಿಟ್ಟದ್ದನ್ನು ಮಗ ಕಂಡೇ ಇಲ್ಲವಂತೆ, ಯಾಕೆಂದು ಕೇಳಿದರೆ ಹೇಳುತ್ತಿರಲಿಲ್ಲವಂತೆ. ಅಜ್ಜಿ ಹೂಂ ಎಂದರು.

ಮರುದಿನ ಬೆಳಿಗ್ಗೆ ನಾನು ಎದ್ದಾಗ ಅಜ್ಜಿ ತುರುಬು ಬಿಚ್ಚಿಕೊಂಡು ಬಚ್ಚಲಿನ ಹೊಸ್ತಿಲ ಮೇಲೆ ಕೂತಿದ್ದರು. ತಲೆಗೆ ನೀರು ಹುಯ್ಯಿ ಎಂದರು. ಒಲೆ ಹೊತ್ತಿಸಿ ಹಂಡೆಯ ನೀರು ಕಾಯಿಸಿದೆ. ಎಣ್ಣೆಯ ಬಟ್ಟಲನ್ನೂ ಸೀಗೆಪುಡಿಯನ್ನೂ ತಂದೆ. ಎರಡನ್ನೂ ಅವರು ಕೈಯಿಂದ ಆಚೆಗೆ ಸರಿಸಿದರು. ಸಾವಿನ ಸ್ನಾನಕ್ಕೆ ಎಣ್ಣೆಯಿಲ್ಲ, ಸೀಗೆಯಿಲ್ಲ. ನಾನು ಚೊಂಬು ತೆಗೆದುಕೊಂಡೆ. ಮಂಗಳವಾರ ಬೆಳಬೆಳಿಗ್ಗೆ ತಲೆಸ್ನಾನ ಯಾಕಂತೆ ಎಂದು ಅಮ್ಮ ಅಡುಗೆಮನೆಯಿಂದ ಕೇಳಿದರು. ಗಾಡಿಯ ಧೂಳಂತೆ ಎಂದು ಹೇಳಿ, ಬಾಗಿಲು ಮುಂದೆ ಮಾಡಿಕೊಂಡು, ಹಂಡೆ ಬರಿದಾಗುವವರೆಗೆ ಅವರ ತಲೆಯ ಮೇಲೆ ನೀರು ಹುಯ್ದೆ.